ಯುದ್ಧಕಾಲದ ಪತ್ರಗಳನ್ನು ಕ್ಲಾಸಿನಲ್ಲಿ ಓದಿಸೋದು ಹೇಗೆ

ಇಸವಿಗಳಿಂದ ಶುರು ಮಾಡಬೇಡಿ, ಮಕ್ಕಳು ಆಕಳಿಸುತ್ತಾರೆ. ಬೋರ್ಡ್ ಮೇಲೆ ಇಷ್ಟು ಬರೆಯಿರಿ: ಕರಿಮೆಣಸು ಮುಗಿದಿದೆ, ಈಗ ಕೆಂಪು ಮೆಣಸು ಬಳಸುತ್ತಿದ್ದಾರೆ. ಅಡುಗೆಮನೆ ಸುದ್ದಿ ಅಂದುಕೊಳ್ಳುತ್ತಾರೆ, ಸ್ವಲ್ಪ ಹೊತ್ತು ಹಾಗೇ ಬಿಡಿ. ಆಮೇಲೆ ಹೇಳಿ: ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ಗೆ ಹೋದ ನಮ್ಮ ಸಿಪಾಯಿಗಳ ಪತ್ರಗಳಲ್ಲಿ ಕರಿಮೆಣಸು ಅಂದ್ರೆ ಭಾರತೀಯ ಸೈನಿಕರು, ಕೆಂಪು ಅಂದ್ರೆ ಬಿಳಿಯರು. ಸೆನ್ಸಾರ್‌ನವರು ಪತ್ರ ಒಡೆದು ಓದುತ್ತಿದ್ದರು, ಅದಕ್ಕೇ ಈ ಗುಟ್ಟು. ತಮಾಷೆ ಅಂದ್ರೆ ಅವರಿಗೂ ಇದು ತಿಳಿದೇಬಿಟ್ಟಿತ್ತು, ಮತ್ತು ಅವರು ಇಂಗ್ಲಿಷಿಗೆ ಮಾಡಿಸಿಟ್ಟ ತುಣುಕುಗಳೇ ಇವತ್ತು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿವೆ.

ಎಷ್ಟೋ ಸಿಪಾಯಿಗಳಿಗೆ ಓದು ಬರಹ ಬರುತ್ತಿರಲಿಲ್ಲ, ಬೇರೆಯವರ ಕೈಲಿ ಬರೆಸುತ್ತಿದ್ದರು. ಇದನ್ನೇ ಆಟ ಮಾಡಿ. ಒಬ್ಬ ಹೇಳಲಿ, ಇನ್ನೊಬ್ಬ ಬರೆಯಲಿ, ಮೂರನೆಯವಳು ಕಪ್ಪು ಪೆನ್ನು ಹಿಡಿದು ಊರಿನ ಹೆಸರು, ಪಡೆಯ ಸುದ್ದಿ ಎಲ್ಲ ಹೊಡೆದುಹಾಕಲಿ. ಉಳಿದದ್ದನ್ನು ಓದಿ ಮನೆಯವರಿಗೆ ಏನು ಗೊತ್ತಾಗುತ್ತೆ ಅಂತ ಕೇಳಿ. ಜಾಸ್ತಿ ವಿವರಿಸೋದು ಬೇಡ.

ಪುರುಸೊತ್ತಿದ್ದರೆ ಬೆಂಗಳೂರಿನ ಜೆ.ಸಿ. ನಗರದ ಮೈಸೂರು ಲ್ಯಾನ್ಸರ್ಸ್ ಸ್ಮಾರಕಕ್ಕೆ ಕರೆದುಕೊಂಡು ಹೋಗಿ, 1918ರಲ್ಲಿ ಈಗಿನ ಇಸ್ರೇಲಿನ ಹೈಫಾದಲ್ಲಿ ಕಾದಾಡಿದ ಕುದುರೆ ಪಡೆ ಅದು. ಕೆಲವರ ಮನೆಯಲ್ಲಿ ಸೈನ್ಯದಿಂದ ಬಂದ ಹಳೇ ಇನ್‌ಲ್ಯಾಂಡ್ ಲೆಟರ್ ಇರಬಹುದು. ತರಲೇಬೇಕು ಅಂತ ಒತ್ತಾಯ ಮಾಡಬೇಡಿ, ಮನೆಯವರು ಒಪ್ಪಿದರೆ ಒಂದು ಜೆರಾಕ್ಸ್ ಸಾಕು.