ಹಳೇ ಪಂಚೆ, ಐಸ್‌ಬರ್ಗ್ ಲೆಟ್ಯೂಸ್ ಮತ್ತು ನನ್ನ ಚಾಪ್ಡ್ ಸಲಾಡ್

ಮಗಳ ಬಾಣಂತನಕ್ಕೆ ಹೋಗಿ ಲಾಸ್ ಏಂಜಲಿಸ್‌ನಲ್ಲಿ ಐದು ತಿಂಗಳು ಇದ್ದು ಬಂದೆ. ಮೈಸೂರಿಗೆ ವಾಪಸಾದ ಮೇಲೆ ಯಾರಾದರೂ "ಅಲ್ಲಿಯದು ಏನು ನೆನಪಾಗುತ್ತೆ?" ಅಂತ ಕೇಳಿದರೆ ಮೊದಲು ಮೊಮ್ಮಗಳು ಅನ್ನುತ್ತೇನೆ. ಎರಡನೆಯದು ಹೇಳಿದರೆ ನಗುತ್ತಾರೆ. ಒಂದು ಸಲಾಡ್.

ಸಲಾಡ್ ಅಂದ ಕೂಡಲೇ ನಮ್ಮ ಹೋಟೆಲುಗಳ ತಟ್ಟೆ ಕಣ್ಣಿಗೆ ಬರುತ್ತದಲ್ವಾ? ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದ ಸೌತೆಕಾಯಿ, ಕ್ಯಾರೆಟ್, ಈರುಳ್ಳಿ, ಮೂಲೆಯಲ್ಲಿ ಒಂದು ನಿಂಬೆಹೋಳು. ಊಟ ಮುಗಿದರೂ ಅರ್ಧ ಹಾಗೇ ಉಳಿದಿರುತ್ತದೆ. ಚಾಪ್ಡ್ ಸಲಾಡ್ ಬೇರೆಯೇ ಜಾತಿ. ಎಲ್ಲವನ್ನೂ ಹೆಚ್ಚುಕಮ್ಮಿ ಒಂದೇ ಅಳತೆಗೆ ಸಣ್ಣಗೆ ಹೆಚ್ಚಿ, ಹುಳಿ, ಎಣ್ಣೆ ಹಾಕಿ ಕಲಸುತ್ತಾರೆ. ಚಮಚದಲ್ಲೇ ತಿನ್ನಬಹುದು. ಒಂದು ಚಮಚ ಬಾಯಿಗೆ ಹೋದರೆ ಸೊಪ್ಪು, ಕಾಳು, ಚೀಸ್, ಹುಳಿ ಎಲ್ಲ ಒಟ್ಟಿಗೇ ಬರಬೇಕು. ಆ ಊರಿನಲ್ಲಿ ಇದಕ್ಕೆ ದೊಡ್ಡ ಹೆಸರು. ಬೆವರ್ಲಿ ಹಿಲ್ಸ್‌ನಲ್ಲಿ ಜೀನ್ ಲಿಯಾನ್ ಎನ್ನುವವರು 1956ರಲ್ಲಿ ತೆರೆದ ಲಾ ಸ್ಕಾಲಾ ಎಂಬ ಇಟಾಲಿಯನ್ ರೆಸ್ಟೋರೆಂಟ್ ಇದಕ್ಕೇ ಪ್ರಸಿದ್ಧ. ಅವರದರಲ್ಲಿ ಐಸ್‌ಬರ್ಗ್ ಲೆಟ್ಯೂಸ್ (ಎಲೆಕೋಸಿನ ಹಾಗೆ ಗಡ್ಡೆ ಕಟ್ಟುವ ಗರಿಗರಿ ಸೊಪ್ಪು), ಮೊಝರೆಲ್ಲಾ ಚೀಸ್, ಕಾಬೂಲಿ ಕಡಲೆ ಮತ್ತು ಸಲಾಮಿ ಎನ್ನುವ ಒಣಗಿಸಿದ ಮಾಂಸ ಇರುತ್ತದೆ.

ನಾನು ತಿಂದದ್ದು ಅಲ್ಲಿ ಅಲ್ಲ, ಮಗಳ ಮನೆ ಹತ್ತಿರದ ಒಂದು ಸಣ್ಣ ಜಾಗದಲ್ಲಿ. ಅಳಿಯಂದಿರು ಸಲಾಮಿ ಬೇಡ ಅಂತ ಹೇಳಿ ತರಿಸಿದರು. ನನ್ನ ಕುರ್ಚಿಯಿಂದ ಅವರ ಅಡುಗೆ ಕಟ್ಟೆ ಚೆನ್ನಾಗಿ ಕಾಣುತ್ತಿತ್ತು. ಮಗು ತಳ್ಳುಗಾಡಿಯಲ್ಲಿ ಮಲಗಿತ್ತು, ನನಗೆ ಬೇರೆ ಕೆಲಸ ಇರಲಿಲ್ಲ. ಸುಮ್ನೆ ನೋಡುತ್ತಾ ಕೂತೆ. ಅಲ್ಲಿದ್ದ ಹುಡುಗ ಹೆಚ್ಚಿದ ಲೆಟ್ಯೂಸನ್ನು ದೊಡ್ಡದೊಂದು ಜಾಲರಿ ಡಬ್ಬಕ್ಕೆ ಹಾಕಿ ಗಿರ್ರಂತ ತಿರುಗಿಸಿದ. ಆಮೇಲೆ ಅಗಲವಾದ ಸ್ಟೀಲ್ ಬೋಗುಣಿ ತಗೊಂಡ. ಡ್ರೆಸ್ಸಿಂಗನ್ನು, ಅಂದರೆ ಆ ಹುಳಿ ಎಣ್ಣೆಯ ಮಿಶ್ರಣವನ್ನು, ಸೊಪ್ಪಿನ ಮೇಲೆ ಸುರಿಯಲೇ ಇಲ್ಲ, ಬೋಗುಣಿಯ ಒಳಬದಿಗೆ ಸುತ್ತಲೂ ಹುಯ್ದ. ಎರಡೂ ಕೈ ಹಾಕಿ ತಳದಿಂದ ಮೇಲಕ್ಕೆ ಎತ್ತಿ ಎತ್ತಿ ಬಿಟ್ಟ. ಫ್ರಿಜ್ಜಿನಿಂದ ತೆಗೆದ ತಣ್ಣನೆ ತಟ್ಟೆಗೆ ಸುರಿದ. ನಾನು ತಿಂದು ಮುಗಿಸಿದಾಗ ತಟ್ಟೆಯ ತಳದಲ್ಲಿ ಒಂದು ತೊಟ್ಟು ನೀರಿರಲಿಲ್ಲ. ಅದನ್ನು ಅವತ್ತು ನೋಡಿದೆ, ಆದರೆ ಅದರ ಅರ್ಥ ಹೊಳೆಯುವುದಕ್ಕೆ ಮೈಸೂರಿನಲ್ಲಿ ನಾಲ್ಕು ಸಲ ಕೆಡಿಸಬೇಕಾಯಿತು.

ಮೊದಲ ಸಲ ಮಿಕ್ಸಿಯ ಚಾಪರ್ ಜಾರಿಗೆ ಹಾಕಿದೆ. ಸಣ್ಣಗೆ ತಾನೇ ಆಗಬೇಕು ಅಂತ. ಮೂರು ಸಲ ತಿರುಗಿಸುವಷ್ಟರಲ್ಲಿ ಹಸಿರು ಚಟ್ನಿ. ಎರಡನೇ ಸಲ ಲೆಟ್ಯೂಸ್ ಸಿಗಲಿಲ್ಲ ಅಂತ ಎಲೆಕೋಸು ಹಾಕಿದೆ. ಅಗಿದು ಅಗಿದು ದವಡೆ ನೋವು. ಮೂರನೇ ಸಲ ಎಲ್ಲ ಸರಿ ಇತ್ತು ಅಂದುಕೊಂಡೆ, ಬಡಿಸುವ ಹೊತ್ತಿಗೆ ಬೋಗುಣಿಯಲ್ಲಿ ಸಾರಿನ ಹಾಗೆ ನೀರು. ಡ್ರೆಸ್ಸಿಂಗಿನ ರುಚಿಯೆಲ್ಲ ಆ ನೀರಿನಲ್ಲಿ, ಸೊಪ್ಪು ಸಪ್ಪೆ. ಡ್ರೆಸ್ಸಿಂಗ್ ಸಾಲದು ಅಂತ ನಾಲ್ಕನೇ ಸಲ ಜಾಸ್ತಿ ಹಾಕಿದೆ. ಇನ್ನೂ ಜಾಸ್ತಿ ಸಾರು.

ನಮ್ಮ ಅತ್ತೆಗೆ ಎಂಬತ್ತು ದಾಟಿದೆ. ಕುರ್ಚಿ ಮೇಲೆ ಕೂತು ನೋಡುತ್ತಿದ್ದರು.

"ಕೋಸಂಬರಿಗೆ ಉಪ್ಪು ಯಾವಾಗ ಹಾಕ್ತೀಯೇ?"

"ಬಡಿಸೋ ಹೊತ್ತಿಗೆ, ಅತ್ತೆ."

"ಮತ್ತೆ ಇದಕ್ಯಾಕೆ ಮುಕ್ಕಾಲು ಗಂಟೆ ಮುಂಚೆ ಕಲಸಿಟ್ಟೆ?"

ನಾಚಿಕೆಯಾಯಿತು. ಮೂವತ್ತು ವರ್ಷದಿಂದ ರಾಮನವಮಿಗೆ ಹೆಸರುಬೇಳೆ ಕೋಸಂಬರಿ ಮಾಡುವವಳು ನಾನು. ಉಪ್ಪು ಬಿದ್ದರೆ ಸೌತೆಕಾಯಿ ನೀರು ಬಿಡುತ್ತದೆ ಅಂತ ಗೊತ್ತಿಲ್ಲವಾ? ಹೊರದೇಶದ ತಿಂಡಿ ಅಂದ ಕೂಡಲೇ ಗೊತ್ತಿದ್ದದ್ದೂ ಮರೆತುಹೋಗಿತ್ತು.

ಅಲ್ಲಿಂದ ನೀರಿನ ಬೆನ್ನು ಹತ್ತಿದೆ. ಎಲ್ಲೆಲ್ಲಿಂದ ಬರುತ್ತಿದೆ ನೋಡೋಣ ಅಂತ. ತೊಳೆದ ಲೆಟ್ಯೂಸಿನ ಮೇಲಿನ ಹನಿ ಮೊದಲನೆಯ ಕಳ್ಳ. ಒದ್ದೆ ಎಲೆಗೆ ಎಣ್ಣೆ ಅಂಟುವುದಿಲ್ಲ, ಜಾರಿ ಕೆಳಗೆ ಹೋಗುತ್ತದೆ. ಟೊಮೆಟೊ ಒಳಗಿನ ಲೋಳೆ, ಸೌತೆಕಾಯಿಯ ತಿರುಳು, ಸರಿಯಾಗಿ ಬಸಿಯದ ಕಡಲೆ, ಇವೆಲ್ಲ ಆಮೇಲೆ. ಒಂದೊಂದನ್ನೇ ಸರಿಮಾಡುತ್ತಾ ಬಂದೆ.

ಲೆಟ್ಯೂಸಿಗೆ ನಾನು ಮಾಡುವುದು ಹೀಗೆ. ಐಸ್‌ಬರ್ಗ್ ಗಡ್ಡೆಯ ಬುಡವನ್ನು ಕಟ್ಟೆಗೆ ಒಂದು ಸಲ ಜೋರಾಗಿ ಕುಟ್ಟಿದರೆ ಒಳಗಿನ ದಿಂಡು ಸಡಿಲವಾಗುತ್ತದೆ. ತಿರುಚಿ ಎಳೆದರೆ ಪೂರ್ತಿ ಕೈಗೆ ಬರುತ್ತದೆ. ಎಲೆ ಬಿಡಿಸಿ, ಕುಡಿಯುವ ನೀರಿನಲ್ಲಿ ಎರಡು ಸಲ ತೊಳೆದು, ಐಸ್ ಹಾಕಿದ ನೀರಿನಲ್ಲಿ 10 ನಿಮಿಷ ಬಿಡುತ್ತೇನೆ. ಬಾಡಿದ ಎಲೆಯೂ ಗರಿಗರಿಯಾಗುತ್ತದೆ. ಆ ತಿರುಗುವ ಡಬ್ಬ ನನ್ನ ಹತ್ತಿರ ಇಲ್ಲ. ಅದರ ಬದಲು ಯಜಮಾನರ ಹಳೇ ಪಂಚೆ ಒಂದಿದೆ, ತೊಳೆದು ತೊಳೆದು ಬೆಣ್ಣೆಯ ಹಾಗಾಗಿದೆ. ಎಲೆಗಳನ್ನು ಅದರ ನಡುವೆ ಹಾಕಿ, ನಾಲ್ಕು ಮೂಲೆ ಸೇರಿಸಿ ಗಂಟು ಹಿಡಿದು, ತಾರಸಿಗೆ ಹೋಗಿ ಜೋರಾಗಿ ಗಿರಗಿರ ಬೀಸುತ್ತೇನೆ. ಇಪ್ಪತ್ತು ಸುತ್ತು. ಮೊದಲ ದಿನ ಪಕ್ಕದ ಮನೆಯವರು ಗೋಡೆಯಾಚೆಯಿಂದ "ಏನ್ರೀ ಅದು, ಹಕ್ಕಿ ಓಡಿಸ್ತಿದೀರಾ?" ಅಂದರು. ನೀರು ಚಿಮ್ಮಿ ಅವರ ಒಣಗಿಸಿದ ಸೀರೆಗೂ ಬಿದ್ದಿತ್ತು. ಈಗ ಮೂಲೆಯಲ್ಲಿ ನಿಂತು ಬೀಸುತ್ತೇನೆ. ಆಮೇಲೆ ಪಂಚೆಯ ಒಣಗಿದ ಭಾಗದಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಒಂದು ಗಂಟೆ. ತೆಗೆದಾಗ ಎಲೆಯನ್ನು ಕೆನ್ನೆಗೆ ಒತ್ತಿ ನೋಡುತ್ತೇನೆ. ತಣ್ಣಗಿರಬೇಕು, ಒದ್ದೆ ಇರಬಾರದು.

ಟೊಮೆಟೊ ವಿಷಯದಲ್ಲಿ ನನ್ನ ಅಭ್ಯಾಸ ಉಲ್ಟಾ ಆಯಿತು. ಸಾರಿಗೆ ನಾನು ನಾಟಿ ಟೊಮೆಟೊ ಬಿಟ್ಟು ಬೇರೆ ತರುವುದಿಲ್ಲ. ಆದರೆ ಅದು ರಸದ ಚೀಲ. ಈ ಸಲಾಡಿಗೆ ನಾವು ಬೈಯುವ ಆ ಉದ್ದುದ್ದ ಹೈಬ್ರಿಡ್ ಟೊಮೆಟೊನೇ ಬೇಕು. ನಾಲ್ಕು ಸೀಳು ಮಾಡಿ, ಬೀಜ ಮತ್ತು ಲೋಳೆಯನ್ನು ಬೆರಳಿನಿಂದ ಬಳಿದು ತೆಗೆದು (ಅದು ಸಾರಿನ ಪಾತ್ರೆಗೆ), ಬರೀ ದಪ್ಪ ಗೋಡೆಯನ್ನು ಹೆಚ್ಚುತ್ತೇನೆ. ಸೌತೆಕಾಯಿ ಎಳೆಯದು, ಕಹಿ ಇದೆಯಾ ಅಂತ ತುದಿ ತಿಂದು ನೋಡಿ, ಉದ್ದಕ್ಕೆ ಸೀಳಿ ನಡುವಿನ ತಿರುಳನ್ನು ಚಮಚದಲ್ಲಿ ಕೆರೆಯುವುದು. ಈರುಳ್ಳಿ ಸಣ್ಣಗೆ ಹೆಚ್ಚಿ ತಣ್ಣೀರಿನಲ್ಲಿ 10 ನಿಮಿಷ ಬಿಟ್ಟು ಹಿಂಡಿದರೆ ಘಾಟು ಹೋಗುತ್ತದೆ.

ಹೆಚ್ಚುವ ಅಳತೆ ಬೆಂದ ಕಾಬೂಲಿ ಕಡಲೆ. ಒಂದು ಕಾಳನ್ನು ಮಣೆಯ ಮೂಲೆಯಲ್ಲಿ ಇಟ್ಟುಕೊಂಡೇ ಹೆಚ್ಚುತ್ತೇನೆ, ಅಕ್ಕಸಾಲಿಗರು ಗುಲಗಂಜಿ ಇಟ್ಟುಕೊಂಡ ಹಾಗೆ. ಲೆಟ್ಯೂಸ್ ಮಾತ್ರ ಅದಕ್ಕಿಂತ ಸ್ವಲ್ಪ ದೊಡ್ಡದು. ನಾಲ್ಕೈದು ಎಲೆ ಒಂದರ ಮೇಲೊಂದಿಟ್ಟು ಉದ್ದಕ್ಕೆ ಪಟ್ಟಿ ಹೆಚ್ಚಿ, ತಿರುಗಿಸಿ ಅಡ್ಡಕ್ಕೆ ಒಂದೇ ಸಲ. ಹೆಚ್ಚಿದ್ದರ ಮೇಲೆ ಮತ್ತೆ ಮತ್ತೆ ಚಾಕು ಆಡಿಸಿದರೆ ಎಲೆ ಜಜ್ಜಿಹೋಗಿ ನೀರು ಬಿಡುತ್ತದೆ, ಅಂಚು ಕೆಂಪಗಾಗುತ್ತದೆ. ಚಾಕು ಹರಿತ ಇರಬೇಕು. ಕೋಸಂಬರಿಗೆ ಈಳಿಗೆಮಣೆ ಮುಂದೆ ಕೂರುವ ನಾನು ಇದಕ್ಕೆ ಚಾಕು ಮಸೆಯುವ ಕಲ್ಲು ಕೊಂಡುಕೊಂಡೆ.

ಕಡಲೆ ಅರ್ಧ ಲೋಟ, ರಾತ್ರಿಯೇ ನೆನೆಸಿ, ಬೆಳಗ್ಗೆ ಉಪ್ಪು ಹಾಕಿ ಕುಕ್ಕರಿನಲ್ಲಿ ನಾಲ್ಕು ಕೂಗು. ನಿಮ್ಮ ಕುಕ್ಕರಿನ ಗುಣ ನಿಮಗೆ ಗೊತ್ತಿರುತ್ತದೆ. ಬೆರಳಲ್ಲಿ ಒತ್ತಿದರೆ ನಲುಗಬೇಕು, ಸುಮ್ಮನಿದ್ದಾಗ ಒಡೆದಿರಬಾರದು. ಚೆನ್ನಾಗಿ ಬಸಿದು, ಬಿಸಿ ಇರುವಾಗಲೇ ಎರಡು ಚಮಚ ಡ್ರೆಸ್ಸಿಂಗ್ ಹಾಕಿ ಕುಲುಕಿ ಇಟ್ಟುಬಿಡಬೇಕು. ಬಿಸಿ ಕಾಳು ಹುಳಿಯನ್ನು ಚೆನ್ನಾಗಿ ಹೀರುತ್ತದೆ. ಆರಿದ ಮೇಲೆ ಹಾಕಿದರೆ ಹೊರಗೇ ಉಳಿಯುತ್ತದೆ, ಒಳಗೆ ಬರೀ ಹಿಟ್ಟಿನ ರುಚಿ. ಎರಡನ್ನೂ ಮಾಡಿ ನೋಡಿ ಹೇಳುತ್ತಿದ್ದೇನೆ.

ಇನ್ನು ನನ್ನ ಹೆಮ್ಮೆಯ ವಿಷಯ. ಆ ಸಲಾಡಿನಲ್ಲಿ ಹಳದಿ ಬೆರೆತ ತಿಳಿಹಸಿರು ಬಣ್ಣದ, ವಿನೆಗರಿನಲ್ಲಿ ನೆನೆದ ಒಂದು ಮೆಣಸಿನಕಾಯಿ ಇತ್ತು. ಪೆಪ್ಪರೊಂಚಿನಿ ಅಂತಾರೆ. ಖಾರ ಕಮ್ಮಿ, ಹುಳಿ ಜಾಸ್ತಿ. ಇಲ್ಲಿ ಬಾಟಲಿಯಲ್ಲಿ ಹುಡುಕುತ್ತಿದ್ದೆ. ದೇವರಾಜ ಮಾರುಕಟ್ಟೆಯಲ್ಲಿ ಒಂದು ದಿನ ಬಜ್ಜಿ ಮೆಣಸಿನಕಾಯಿ ರಾಶಿ ನೋಡಿ ತಲೆ ಚಚ್ಚಿಕೊಂಡೆ. ಅದೇ ತಿಳಿಹಸಿರು, ಅಷ್ಟೇ ಮೆತ್ತಗಿನ ಖಾರ. ಆರು ಕಾಯಿ ಬಿಲ್ಲೆಯಾಗಿ ಹೆಚ್ಚಿ ಬೀಜ ಕೊಡವಿ ಗಾಜಿನ ಬಾಟಲಿಗೆ ತುಂಬಿದೆ. 1 ಲೋಟ ವಿನೆಗರ್, 1 ಲೋಟ ನೀರು, ಒಂದೂವರೆ ಟೀ ಚಮಚ ಉಪ್ಪು, 1 ಚಮಚ ಸಕ್ಕರೆ, ಜಜ್ಜಿದ ಎರಡು ಬೆಳ್ಳುಳ್ಳಿ ಎಸಳು ಕುದಿಸಿ ಬಿಸಿಯಾಗೇ ಸುರಿದೆ. ಆರಿದ ಮೇಲೆ ಫ್ರಿಜ್ಜಿಗೆ. ಎರಡು ದಿನಕ್ಕೆ ರೆಡಿ. ಸಲಾಮಿ ಇಲ್ಲದ ಸಲಾಡಿಗೆ ಆ ಉಪ್ಪು, ಆ ಜಿಡ್ಡು ಎಲ್ಲಿಂದ ಬರಬೇಕು? ಈ ಮೆಣಸಿನಕಾಯಿ, ಏಳೆಂಟು ಆಲಿವ್ ಕಾಯಿ, ಎಣ್ಣೆಯಲ್ಲಿ ನೆನೆದ ಒಣ ಟೊಮೆಟೊ ಎರಡು ಚೂರು. ಸಾಕು.

ಡ್ರೆಸ್ಸಿಂಗಿಗೆ ವಿನೆಗರ್ ನೋಡಿ ತನ್ನಿ. ಸಿಂಥೆಟಿಕ್ ಅಂತ ಬರೆದಿರುವ ಅಗ್ಗದ ಬಾಟಲಿ ಗಂಟಲು ಸುಡುತ್ತದೆ. ಅಲ್ಲಿಯವರು ಕೆಂಪು ವೈನಿನ ವಿನೆಗರ್ ಹಾಕುತ್ತಾರೆ. ನಾನು ಸೇಬಿನ ವಿನೆಗರ್ ಒಂದೂವರೆ ದೊಡ್ಡ ಚಮಚ, ನಿಂಬೆರಸ ಅರ್ಧ ಚಮಚ ಹಾಕುತ್ತೇನೆ. ಮಂಗಳೂರು ಕಡೆಯವರಿಗೆ ಕಳ್ಳಿನ ವಿನೆಗರ್ ಸಿಕ್ಕರೆ ಅದೃಷ್ಟವಂತರು. ಹುಳಿಗೆ ಮೊದಲು ಅರ್ಧ ಚಮಚ ಉಪ್ಪು ಹಾಕಿ ಕರಗಿಸಿ. ಎಣ್ಣೆ ಹಾಕಿದ ಮೇಲೆ ಹಾಕಿದರೆ ಉಪ್ಪು ಕರಗದೆ ತಳದಲ್ಲಿ ಕೂರುತ್ತದೆ. ಆಮೇಲೆ ಜಜ್ಜಿದ ಬೆಳ್ಳುಳ್ಳಿ ಒಂದು ಎಸಳು, ಕಾಳುಮೆಣಸಿನ ಪುಡಿ, ಚಿಟಿಕೆ ಸಕ್ಕರೆ, ಒರೆಗಾನೋ 1 ಚಮಚ. ಒರೆಗಾನೋವನ್ನು ಅಂಗೈಯಲ್ಲಿ ಉಜ್ಜಿ ಹಾಕಬೇಕು, ಕಸೂರಿ ಮೇಥಿಯ ಹಾಗೆ. ಪಿಜ್ಜಾ ಜೊತೆ ಬಂದ ಪೊಟ್ಟಣಗಳು ಡ್ರಾಯರಿನಲ್ಲಿ ಇರುತ್ತವಲ್ಲ, ಅವೂ ಆಗುತ್ತವೆ, ತುಂಬಾ ಹಳೆಯದಾಗಿರದಿದ್ದರೆ.

ಡ್ರೆಸ್ಸಿಂಗಿಗೆ ಹಾಕುವ ಸಾಸಿವೆಯಲ್ಲಿ ಒಂದು ಸಲ ಎಡವಿದೆ. ಸೌತೆಕಾಯಿ ಸಾಸಿವೆಗೆ ಅರೆಯುವ ಹಾಗೆ ಕಪ್ಪು ಸಾಸಿವೆಯನ್ನು ನೀರು ಹಾಕಿ ಅರೆದು ಇಟ್ಟೆ. ಅದರಲ್ಲಿ ತೆಂಗಿನಕಾಯಿ, ಮೊಸರು ಇರುತ್ತದೆ, ನಡೆಯುತ್ತದೆ. ಇಲ್ಲಿ ಮೂಗಿಗೆ ಏರಿ ಕಣ್ಣಲ್ಲಿ ನೀರು. ಅರೆದ ಸಾಸಿವೆಗೆ ನೀರು ಬಿದ್ದರೆ ಸ್ವಲ್ಪ ಹೊತ್ತು ಘಾಟು ಏರುತ್ತಾ ಹೋಗುತ್ತದೆ, ಹುಳಿ ಬಿದ್ದರೆ ಅಲ್ಲಿಗೆ ನಿಲ್ಲುತ್ತದೆ. ಈಗ ಹಳದಿ ಸಾಸಿವೆಯನ್ನು ಒಣಗಾಗಿ ಪುಡಿ ಮಾಡಿ ಅರ್ಧ ಚಮಚ ನೇರ ವಿನೆಗರಿಗೇ ಹಾಕುತ್ತೇನೆ. ಹುಳಿಯನ್ನೂ ಎಣ್ಣೆಯನ್ನೂ ಬೇಗ ಬೇರೆಯಾಗದಂತೆ ಹಿಡಿಯುವುದು ಇದೇ. ಕೊನೆಗೆ 4 ದೊಡ್ಡ ಚಮಚ ಆಲಿವ್ ಎಣ್ಣೆ ಹಾಕಿ, ಮುಚ್ಚಳ ಇರುವ ಜಾಮ್ ಬಾಟಲಿಯಲ್ಲಿ ಕುಲುಕುವುದು. ಇಷ್ಟು ನಾಲ್ಕು ಜನಕ್ಕೆ ಸಾಕು. ಬೆರಳಲ್ಲಿ ನೆಕ್ಕಿ ಉಪ್ಪು ನೋಡಬೇಡಿ, ಒಂದು ಚೂರು ಲೆಟ್ಯೂಸ್ ಅದ್ದಿ ನೋಡಿ. ಬರೀ ಡ್ರೆಸ್ಸಿಂಗ್ ನಾಲಿಗೆಗೆ ಯಾವಾಗಲೂ ಜಾಸ್ತಿ ಹುಳಿ ಅನ್ನಿಸುತ್ತದೆ.

ಚೀಸಿಗೆ ಪಿಜ್ಜಾಗೆ ಹಾಕುವ ಗಟ್ಟಿ ಮೊಝರೆಲ್ಲಾ ಸಾಕು. ನೀರಿನಲ್ಲಿ ತೇಲುವ ಮೆತ್ತನೆಯದು ತಂದರೆ ಮತ್ತೆ ನೀರಿನ ಕಥೆ. ಕಟ್ಟಾ ಸಸ್ಯಾಹಾರಿಗಳಿಗೆ ಒಂದು ಮಾತು: ಇಟಲಿಯ ಅಸಲಿ ಪಾರ್ಮಿಜಾನೋ ಚೀಸಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಹಾಕಲೇಬೇಕು, ಅದು ಅವರ ನಿಯಮ. ಇದು ನನಗೆ ಅಲ್ಲಿ ಮೂರು ತಿಂಗಳು ತಿಂದಾದ ಮೇಲೆ ಗೊತ್ತಾಯಿತು. ಅತ್ತೆಗೆ ಹೇಳಿಲ್ಲ. ಇಲ್ಲಿ ತರುವಾಗ ಹಸಿರು ಚುಕ್ಕೆ ನೋಡಿ ತರುತ್ತೇನೆ.

ಕಲಸುವುದು ಎಲ್ಲರೂ ಕೂತ ಮೇಲೆ. ಒಬ್ಬಟ್ಟಿನ ಕಣಕ ಕಲಸುವ ಅಗಲ ಪಾತ್ರೆಯನ್ನು ಫ್ರಿಜ್ಜಿನಲ್ಲಿ ಇಟ್ಟು ತಣ್ಣಗೆ ಮಾಡಿರುತ್ತೇನೆ. ಮೊದಲು ಕಡಲೆ, ಈರುಳ್ಳಿ, ಸೌತೆಕಾಯಿ, ಟೊಮೆಟೊ, ಮೆಣಸಿನಕಾಯಿ, ಆಲಿವ್, ಒಣ ಟೊಮೆಟೊ. ಅದರ ಮೇಲೆ ಲೆಟ್ಯೂಸ್. ಆ ಹುಡುಗ ಮಾಡಿದ ಹಾಗೆ ಡ್ರೆಸ್ಸಿಂಗ್ ಪಾತ್ರೆಯ ಬದಿಗೆ, ಮುಕ್ಕಾಲು ಭಾಗ ಮಾತ್ರ. ಎರಡು ಕೈಯಲ್ಲಿ ತಳದಿಂದ ಎತ್ತಿ ಬಿಡುವುದು, ಹಿಸುಕುವ ಹಾಗಿಲ್ಲ. ಎಲ್ಲ ಎಲೆಯೂ ಮಿಂಚುವ ತನಕ. ಬೇಕಿದ್ದರೆ ಉಳಿದದ್ದು. ಚೀಸ್ ಕೊನೆಗೆ.

ಕಲಸಿದ್ದು ಉಳಿದರೆ ಮರುದಿನಕ್ಕೆ ಇಡಬೇಡಿ, ಮೆತ್ತಗಾಗಿ ವಾಸನೆ ಬರುತ್ತದೆ. ನಾನು ರಾತ್ರಿಯೇ ಚಪಾತಿಯಲ್ಲಿ ಸುತ್ತಿ ಮುಗಿಸುತ್ತೇನೆ. ಬೇರೆ ಬೇರೆಯಾಗಿ ಡಬ್ಬಿಗಳಲ್ಲಿ ಇಟ್ಟರೆ ಎರಡು ದಿನ ಧಾರಾಳ. ಲೆಟ್ಯೂಸ್ ಡಬ್ಬಿಯಲ್ಲಿ ಪಂಚೆಯ ಒಂದು ಚೂರು.

ಹಲ್ಲು ಅರ್ಧ ಹೋಗಿರುವ ಅತ್ತೆ ಈಗ ಎರಡು ಬಟ್ಟಲು ಚಮಚದಲ್ಲಿ ತಿನ್ನುತ್ತಾರೆ. ತಿನ್ನುತ್ತಾ ಚೀಸ್ ಚೂರುಗಳನ್ನು ಒಂದೊಂದೇ ಬಟ್ಟಲಿನ ಅಂಚಿಗೆ ತಳ್ಳುತ್ತಾರೆ. "ಈ ರಬ್ಬರ್ ಬೇಡ ಕಣೇ. ಆ ಮೆಣಸಿನಕಾಯಿ ಇನ್ನೆರಡು ಹಾಕು."