ಮೀಟಿಂಗಿಗೆ ಮುಂಚೆ ಹುಡುಗನನ್ನೇ ಕೇಳಿದೆ

ನಾನು ಬಿ.ಐ.ಇ.ಆರ್.ಟಿ., ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ತಾಲ್ಲೂಕಿನ ಶಾಲೆ ಶಾಲೆ ಸುತ್ತುವ ಟೀಚರ್. ಶಾಲೆಗೆ ಬರೋಕೆ ಆಗದವರಿದ್ದರೆ ಮನೆಗೇ ಹೋಗುತ್ತೇನೆ. ಪ್ರತಿ ಮಗುವಿಗೂ ಒಂದು ಐಇಪಿ, ಅಂದರೆ ಆ ಮಗುವಿಗೇ ಹೊಂದುವ ಕಲಿಕೆಯ ಯೋಜನೆ, ಬರೆಯಬೇಕು. ಎಷ್ಟೋ ಸಲ ಅದು ಮಗುವಿನ ತಲೆಯ ಮೇಲೇ ಹಾದುಹೋಗುತ್ತದೆ: ಅಮ್ಮ ಹೇಳುತ್ತಾರೆ, ಟೀಚರ್ ಹೇಳುತ್ತಾರೆ, ನಾವು ತುಂಬಿಸುತ್ತೇವೆ. ತಮಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವುದು ಮಕ್ಕಳ ಹಕ್ಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 4ನೇ ಸೆಕ್ಷನ್ನಿನಲ್ಲೇ ಇದೆ. ಆದರೆ ಮಾತೇ ಬಾರದ ಮಗುವನ್ನು ಕೇಳೋದು ಹೇಗೆ?

ಏಳನೇ ಕ್ಲಾಸಿನ ಒಬ್ಬ ಹುಡುಗನಿಗೆ ಸೆರೆಬ್ರಲ್ ಪಾಲ್ಸಿ, ಮೆದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ. ಮಾತು ಮನೆಯವರಿಗಷ್ಟೇ ಅರ್ಥವಾಗುತ್ತದೆ. ಅವನ ಐಇಪಿ ಬರೆಯುವ ಮೀಟಿಂಗಿಗೆ ಮುಂಚೆ ಅವನ ದಿನದ ಫೋಟೊ ತೆಗೆದೆ: ಆಟೊ, ಬಿಸಿಯೂಟ, ಕಬಡ್ಡಿ ಅಂಕಣ, ಕಾಪಿ ಬರೆಯುವ ಪುಸ್ತಕ, ಕಾಲಿಗೆ ಆಸರೆಯಾಗಿ ಹಾಕುವ ಸ್ಪ್ಲಿಂಟ್. ಪ್ರಿಂಟ್ ಹಾಕಿಸಿ, ಚಾಪೆಯ ಮೇಲೆ ನಗುವ ಮುಖ, ಸಪ್ಪೆ ಮುಖ, ನಡುವೆ ಪ್ರಶ್ನೆ ಚಿಹ್ನೆ ಇಟ್ಟೆ. ಚಿತ್ರ ಇಟ್ಟು ಅಭಿಪ್ರಾಯ ಕೇಳುವ ಸ್ಕಾಟ್ಲೆಂಡಿನ ಟಾಕಿಂಗ್ ಮ್ಯಾಟ್ಸ್‌ ಎಂಬ ವಿಧಾನದಿಂದ ಎತ್ತಿಕೊಂಡ ಉಪಾಯ ಇದು. ಅವನು ಕಣ್ಣಲ್ಲಿ ತೋರಿಸಿದ ಕಡೆ ನಾನು ಫೋಟೊ ಇಡುತ್ತಾ ಹೋದೆ.

ಇಲ್ಲಿ ಒಂದು ಅಪಾಯ ಇದೆ. ನಮ್ಮ ಮಕ್ಕಳು ದೊಡ್ಡವರು ಕೇಳಿದ್ದಕ್ಕೆಲ್ಲ ಹೂಂ ಅಂತಾರೆ, ಅಲ್ವಾ? ಅದಕ್ಕೇ ಮೊದಲು ಉತ್ತರ ಗೊತ್ತಿರುವ ಪ್ರಶ್ನೆ ಕೇಳಿದೆ. "ನೀನು ಹುಡುಗಿನಾ?" ಅವನು ಜೋರಾಗಿ ನಕ್ಕು ಸಪ್ಪೆ ಮುಖದ ಕಡೆ ನೋಡಿದ. ಸರಿ, ಬೇಡ ಅನ್ನೋಕೆ ಬರುತ್ತೆ ಅಂತಾಯ್ತು. ಮುಖ್ಯವಾದ ಪ್ರಶ್ನೆಗಳನ್ನು ಇನ್ನೊಂದು ದಿನ ತಿರುಗಿಸಿ ಕೇಳಿದೆ, ಮುಖಗಳ ಜಾಗವನ್ನೂ ಅದಲುಬದಲು ಮಾಡಿದೆ. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕಾಯೋದೇ ಕಷ್ಟ.

ಕಾಪಿ ಪುಸ್ತಕ, ಸ್ಪ್ಲಿಂಟ್ ಎರಡೂ ಸಪ್ಪೆ ಮುಖದ ಕೆಳಗೆ ಬಂದವು. ಕಬಡ್ಡಿ ನಗುವ ಮುಖಕ್ಕೆ.

ಮೀಟಿಂಗಿಗೆ ಯಾರು ಬರಬೇಕು ಅಂತಲೂ ಅವನೇ ಫೋಟೊದಲ್ಲಿ ಆರಿಸಿದ. ಅಡುಗೆ ಅಕ್ಕನನ್ನು ಕರೆದ, ಪಕ್ಕದಲ್ಲಿ ಕೂರುವ ಗೆಳೆಯನನ್ನು ಕರೆದ. ಅಮ್ಮನಿಗೆ ಮಗನ ಪರವಾಗಿ ಉತ್ತರ ಹೇಳುವ ಅಭ್ಯಾಸ. ಸುಮ್ನಿರಿ ಅನ್ನೋದು ಸರಿಯಲ್ಲ. ಅವರ ಕೈಗೆ ಸ್ಕೆಚ್ ಪೆನ್ ಕೊಟ್ಟು, ಗೋಡೆಯ ಚಾರ್ಟ್ ಮೇಲೆ ನೀವೇ ಬರೀರಿ ಅಂದೆ. ಬರೆಯುವವರು ಕೇಳಿಸಿಕೊಳ್ಳಲೇಬೇಕು.

ಚಾರ್ಟಿನಲ್ಲಿ ಎರಡು ಭಾಗ: ಅವನಿಗೆ ಏನು ಇಷ್ಟ, ಅವನ ಒಳ್ಳೆಯದಕ್ಕೆ ಏನು ಬೇಕು. ಸ್ಪ್ಲಿಂಟ್ ಬಿಡೋಕೆ ಆಗಲ್ಲ, ಕಾಲಿನ ಸ್ನಾಯು ಬಿಗಿಯಾಗಿಬಿಡುತ್ತದೆ. ಫಿಸಿಯೊಥೆರಪಿಸ್ಟನ್ನು ಕೇಳಿ, ಕ್ಲಾಸಿನಲ್ಲಿ ಹಾಕೋದು, ಆಟದ ಹೊತ್ತು ತೆಗೆಯೋದು ಅಂತ ರಾಜಿಯಾಯಿತು. ಕಾಪಿ ಬರೆಯೋದನ್ನು ಐಇಪಿಯಿಂದಲೇ ತೆಗೆದೆವು. ಕ್ಲಾಸ್ ಟೀಚರಿಗೆ ಅಷ್ಟು ಸಮಾಧಾನ ಇರಲಿಲ್ಲ. ಆದರೆ ಎಸ್ಸೆಸ್ಸೆಲ್ಸಿಯಲ್ಲಿ ಇಂಥ ಮಕ್ಕಳಿಗೆ ಬರೆದುಕೊಡುವ ಸಹಾಯಕರು ಸಿಗುತ್ತಾರೆ. ಈಗಿನಿಂದಲೇ ಉತ್ತರ ಹೇಳಿ ಬರೆಸುವುದನ್ನು ಕಲಿತರೆ ಜಾಸ್ತಿ ಉಪಯೋಗ ಅಂದೆ. ಕೂಡುವ ಲೆಕ್ಕ ಕಬಡ್ಡಿ ಅಂಕಣಕ್ಕೆ ಹೋಯಿತು. ಅವನೇ ಸ್ಕೋರರ್, ಅಂಕಿಯ ಕಾರ್ಡ್ ತೋರಿಸುತ್ತಾನೆ, ಗೆಳೆಯ ಕೂಗುತ್ತಾನೆ.

ಜೂನ್‌ನಲ್ಲಿ ಹೈಸ್ಕೂಲು. ಅಲ್ಲಿನ ಶಿಕ್ಷಕರಿಗೆ ಒಂದೇ ಪುಟದ ಪರಿಚಯ ಮಾಡಿದ್ದೇವೆ. ಫೋಟೊ, ಸಾಲುಗಳು ಎಲ್ಲ ಅವನೇ ಒಪ್ಪಿದ್ದು. ಮೊದಲ ಸಾಲು: "ಉತ್ತರ ಹೇಳೋಕೆ ನನಗೆ ಟೈಮ್ ಬೇಕು, ನಡುವೆ ಊಹಿಸಬೇಡಿ." ಐಇಪಿ ಫೈಲಿನ ಮೇಲೇ ಅದನ್ನು ಪಿನ್ ಮಾಡಿ ಕಳಿಸುತ್ತಿದ್ದೇನೆ.