ಎಮ್ಮೆಯ ಉಣ್ಣಿ ಔಷಧಿ ಕುದುರೆಗೆ ಬೇಡ

ಕುದುರೆಗೆ ಉಣ್ಣಿ ಹತ್ತಿದರೆ ಏನು ಮಾಡಬೇಕು ಅನ್ನೋದಕ್ಕಿಂತ ಮೊದಲು, ಏನು ಮಾಡಬಾರದು ಅಂತ ಹೇಳಿಬಿಡುತ್ತೇನೆ.

ನಮ್ಮದು ವಿಜಯಪುರ, ಮನೆಯಲ್ಲಿ ಟಾಂಗಾ ಇದೆ. ಒಂದು ಶ್ರಾವಣದಲ್ಲಿ ನಮ್ಮ ಕಾಕಾ ಎಮ್ಮೆಗೆಂದು ತಂದಿಟ್ಟಿದ್ದ ಉಣ್ಣಿ ಔಷಧಿಯನ್ನೇ ನೀರಿಗೆ ಹಾಕಿ ಕುದುರೆಯ ಮೈಗೆಲ್ಲ ಒರೆಸಿದರು. ಮರುದಿನ ಕುದುರೆ ಲದ್ದಿ ಹಾಕಲಿಲ್ಲ. ಮೇವು ಮುಟ್ಟಲಿಲ್ಲ. ತಿರುಗಿ ತಿರುಗಿ ತನ್ನ ಪಕ್ಕೆ ನೋಡಿಕೊಳ್ಳುತ್ತಿತ್ತು, ಮುಂಗಾಲಿನಿಂದ ನೆಲ ಕೆರೆಯುತ್ತಿತ್ತು. ಡಾಕ್ಟರು ಬಂದು ಮೂಗಿನಿಂದ ನಳಿಕೆ ಇಳಿಸಿ ಎಣ್ಣೆ ಹಾಕಿದ ಮೇಲೆ, ಎರಡು ದಿನಕ್ಕೆ ಹೊಟ್ಟೆ ಸಡಿಲವಾಯಿತು. ಬಾಟಲಿಯ ಮೇಲೆ ಅಮಿಟ್ರಾಜ್ ಅಂತ ಇತ್ತು. ದನ, ಎಮ್ಮೆಗೆ ಹಾಕುವ ಔಷಧಿ ಅದು, ಆದರೆ ಕುದುರೆಯ ಕರುಳಿನ ಚಲನೆಯನ್ನೇ ನಿಲ್ಲಿಸಿಬಿಡುತ್ತದೆ. ಹಾಗಾಗಿ ಬಾಟಲಿಯ ಹೆಸರು ಓದಿ. ಗೊತ್ತಿಲ್ಲದೆ ಹಾಕಿಬಿಟ್ಟಿದ್ದರೆ ಸೋಪು ನೀರಿನಿಂದ ಚೆನ್ನಾಗಿ ತೊಳೆದು ಕೂಡಲೇ ಡಾಕ್ಟರಿಗೆ ಹೇಳಿ. ಡೆಲ್ಟಾಮೆಥ್ರಿನ್, ಪರ್ಮೆಥ್ರಿನ್ ತರಹದವನ್ನು ಕುದುರೆಗೆ ಬಳಸುತ್ತಾರೆ, ಆದರೆ ಎಷ್ಟು ನೀರಿಗೆ ಎಷ್ಟು ಅನ್ನೋದನ್ನು ಡಾಕ್ಟರೇ ಹೇಳಬೇಕು.

ಇನ್ನು ದಿನದ ಕೆಲಸ. ಸಂಜೆ ಗಾಡಿ ಬಿಚ್ಚಿದ ಮೇಲೆ ಹತ್ತು ನಿಮಿಷ ಮೈ ತಡವಿ ನೋಡಿ. ಸುಮ್ನೆ ಕಣ್ಣಲ್ಲಿ ನೋಡಿದರೆ ಸಿಗುವುದಿಲ್ಲ, ಬೆರಳು ಆಡಿಸಬೇಕು. ಕಿವಿಯ ಒಳಗೆ, ಕತ್ತಿನ ಕೂದಲ ಬುಡ, ದವಡೆಯ ಕೆಳಗೆ, ಎದೆ, ತೊಡೆಯ ಸಂದು, ಬಾಲ ಎತ್ತಿ ಅದರ ಬುಡ. ಮರಿ ಉಣ್ಣಿ ಎಳ್ಳಿಗಿಂತ ಸಣ್ಣದಿರುತ್ತದೆ, ರಕ್ತ ಕುಡಿದು ಉಬ್ಬಿದ್ದು ಔಡಲ ಬೀಜದಷ್ಟು ದಪ್ಪ. ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರವಾಗಿ ನಿಧಾನಕ್ಕೆ ಎಳೆಯಿರಿ. ಬೀಡಿಯಿಂದ ಸುಡುವುದು, ಸೀಮೆಎಣ್ಣೆ ಹಚ್ಚುವುದು ಬೇಡ, ಹಾಗೆ ಮಾಡಿದರೆ ಅದು ತನ್ನ ಜೊಲ್ಲನ್ನು ಗಾಯದೊಳಗೆ ಬಿಡಬಹುದು. ಉಗುರಲ್ಲಿ ಹಿಸುಕಬೇಡಿ. ಸೋಪು ನೀರಿನ ಡಬ್ಬಿಗೆ ಹಾಕಿ ಮುಚ್ಚಿಡಿ.

ಮೈ ಮೇಲಿನದನ್ನಷ್ಟೇ ಕಿತ್ತರೆ ಮುಗಿಯಲಿಲ್ಲ. ಹೊಟ್ಟೆ ತುಂಬಿದ ಹೆಣ್ಣು ಉಣ್ಣಿ ಕೆಳಗೆ ಉದುರಿ, ಸಂದಿಯಲ್ಲಿ ಸೇರಿಕೊಂಡು ಸಾವಿರಾರು ಮೊಟ್ಟೆ ಇಡುತ್ತದೆ. ನಮ್ಮ ಕಡೆ ಕಲ್ಲು ಮಣ್ಣಿನ ಗೋಡೆ ಜಾಸ್ತಿ, ಬಿರುಕಿಗೆ ಬರವೇ ಇಲ್ಲ. ಬಿರುಕು ಮುಚ್ಚಿ ಸುಣ್ಣ ಬಳಿಯಿರಿ. ಮಳೆಗಾಲದಲ್ಲಿ ಲಾಯದ ಸುತ್ತ ಬೆಳೆದ ಹುಲ್ಲು ಕತ್ತರಿಸಿ. ಕಣಿಕಿ ಬಣವೆಯನ್ನು ಲಾಯದ ಗೋಡೆಗೆ ಒರಗಿಸಬೇಡಿ, ದನ ಎಮ್ಮೆಯನ್ನು ಸ್ವಲ್ಪ ದೂರ ಕಟ್ಟಿ.

ಉಣ್ಣಿಯಿಂದ ಬರುವ ರೋಗದ ಹೆಸರು ಪೈರೋಪ್ಲಾಸ್ಮೋಸಿಸ್. ಥೈಲೇರಿಯಾ ಈಕ್ವಿ, ಬಬೇಸಿಯಾ ಕ್ಯಾಬಲ್ಲಿ ಎಂಬ ಕಣ್ಣಿಗೆ ಕಾಣದ ಜೀವಿಗಳು ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಉಣ್ಣಿ ಕಚ್ಚಿ ಸುಮಾರು 10 ರಿಂದ 30 ದಿನಕ್ಕೆ ಜ್ವರ ಶುರುವಾಗುತ್ತದೆ, ಅಷ್ಟರಲ್ಲಿ ಉಣ್ಣಿಯ ನೆನಪೇ ಯಾರಿಗೂ ಇರುವುದಿಲ್ಲ. ಕುದುರೆಯ ಮೈಬಿಸಿ ಸಾಮಾನ್ಯವಾಗಿ 99.5 ರಿಂದ 101.3 ಡಿಗ್ರಿ ಫ್ಯಾರನ್‌ಹೀಟ್. ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ, 102 ದಾಟಿದರೆ ಕಾಯಬೇಡಿ. ತುಟಿ ಎತ್ತಿ ವಸಡು ನೋಡಿ: ಗುಲಾಬಿ ಬಣ್ಣ ಹೋಗಿ ಬಿಳಿಚಿದ್ದರೆ ಅಥವಾ ಹಳದಿಯಾಗಿದ್ದರೆ, ಮೂತ್ರ ಕಪ್ಪು ಚಹಾದಂತೆ ಬಂದರೆ, ಕಾಲು ಬಾತಿದ್ದರೆ, ಅವತ್ತು ಎಷ್ಟೇ ಬಾಡಿಗೆ ಇರಲಿ ಗಾಡಿಗೆ ಹೂಡಬೇಡಿ. ಪಶು ಆಸ್ಪತ್ರೆಗೆ ಹೋಗಿ, ಇಲ್ಲವೇ ಪಶು ಸಹಾಯವಾಣಿ 1962 ಕ್ಕೆ ಫೋನ್ ಮಾಡಿ.

ಇಂಜೆಕ್ಷನ್‌ಗೆ ಮೊದಲು ರಕ್ತ ತೆಗೆಸಿ ಪರೀಕ್ಷೆಗೆ ಕೊಡಿ. ಇಮಿಡೋಕಾರ್ಬ್ ಎಂಬ ಔಷಧಿ ಕೊಡುತ್ತಾರೆ, ಅದರಿಂದಲೂ ಹೊಟ್ಟೆನೋವು, ಜೊಲ್ಲು ಬರಬಹುದು, ಅದಕ್ಕೇ ನಾವೇ ಚುಚ್ಚುವ ಔಷಧಿ ಅದಲ್ಲ. ಈ ರೋಗಕ್ಕೆ ಲಸಿಕೆ ಇಲ್ಲ. ಥೈಲೇರಿಯಾ ಬಂದು ವಾಸಿಯಾದ ಕುದುರೆಯ ರಕ್ತದಲ್ಲಿ ಅದು ಹೆಚ್ಚಾಗಿ ಜೀವನಪೂರ್ತಿ ಉಳಿದಿರುತ್ತದೆ, ಕುದುರೆ ನೋಡಲು ಮಾತ್ರ ಗಟ್ಟಿಮುಟ್ಟಾಗಿರುತ್ತದೆ. ಆದ್ದರಿಂದ ಒಂದು ಕುದುರೆಗೆ ಚುಚ್ಚಿದ ಸೂಜಿಯನ್ನು ಇನ್ನೊಂದಕ್ಕೆ ಚುಚ್ಚಲು ಬಿಡಬೇಡಿ. ಜಾತ್ರೆಯಿಂದ ಹೊಸ ಕುದುರೆ ತಂದರೆ ರಕ್ತದ ಫಲಿತಾಂಶ ಬರುವ ತನಕ ಬೇರೆ ಕಡೆ ಕಟ್ಟಿ, ಅದರ ಬ್ರಶ್ಶು, ಜೀನು ಎಲ್ಲ ಬೇರೆಯೇ ಇರಲಿ.